ಕಡಲ ದ್ವೀಪ, ಹೊಳೆಯ ಕುರ್ವೆ: ಒಂದೇ ದಿನ ಎರಡು ದೋಣಿ

ಮಂಗಳೂರಿನಿಂದ ಕಾರವಾರದವರೆಗೆ ರಾಷ್ಟ್ರೀಯ ಹೆದ್ದಾರಿ 66ರ ಗುಂಟ ನಿಧಾನವಾಗಿ ಸಾಗುವ ಕಾರು ಪ್ರವಾಸವೊಂದನ್ನು ನಾವು ಕಳೆದ ಡಿಸೆಂಬರಿನಲ್ಲಿ ಕೈಗೊಂಡಿದ್ದೆವು. ಅದರಲ್ಲಿ ಒಂದು ದಿನವನ್ನು ದ್ವೀಪಗಳಿಗೆಂದೇ ಮೀಸಲಿಟ್ಟು, ಬೆಳಿಗ್ಗೆ ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪಕ್ಕೂ ಸಂಜೆ ಹೊನ್ನಾವರದಲ್ಲಿ ಶರಾವತಿ ಹೊಳೆಯ ಕುರ್ವೆಗಳ, ಅಂದರೆ ನಡುಗಡ್ಡೆಗಳ, ನಡುವೆಯೂ ದೋಣಿಯಲ್ಲಿ ಹೋಗಿ ಬಂದೆವು. ಎರಡೂ ಕಡೆ ಹಣ ಕೊಟ್ಟು ಪಡೆದ ಸೇವೆ ಹೇಗಿತ್ತು ಎಂಬುದನ್ನು ಅದೇ ದಾರಿಯಲ್ಲಿ ಹೊರಡುವವರಿಗಾಗಿ ಬರೆದಿದ್ದೇನೆ. ಒಂದೇ ದಿನದ ಅನುಭವದಿಂದ ಯಾರ ಹೊಟ್ಟೆಪಾಡಿಗೂ ಪೆಟ್ಟು ಬೀಳುವುದು ಬೇಡವೆಂದು ದೋಣಿಯವರ ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ.

ಮಲ್ಪೆಯಲ್ಲಿ ಟಿಕೆಟ್ ಪಡೆಯುವುದು ಸುಲಭ. ತಲೆಗೆ ಮುನ್ನೂರು ರೂಪಾಯಿಯ ಆಸುಪಾಸು ಖರ್ಚಾಯಿತು. ಹತ್ತುವ ಮೊದಲು ಚೀಲಗಳನ್ನು ತಪಾಸಣೆ ಮಾಡಿ ಪ್ಲಾಸ್ಟಿಕ್ ಚೀಲಗಳನ್ನು ತೆಗೆಸಿಡುತ್ತಾರೆ, ಇದು ಮೆಚ್ಚಬೇಕಾದ ಮಾತು. ಆದರೆ ಒಂಬತ್ತೂವರೆಗೆ ಹೊರಡುತ್ತದೆ ಎಂದ ದೋಣಿ ಸೀಟು ತುಂಬುವವರೆಗೆ ಹಗ್ಗ ಬಿಚ್ಚಲಿಲ್ಲ. ಮುಕ್ಕಾಲು ಗಂಟೆ ಒಣಮೀನಿನ ಗಾಳಿಯಲ್ಲಿ ಕಾದೆವು. ಲೈಫ್ ಜಾಕೆಟ್ ಎಲ್ಲರಿಗೂ ಕೊಟ್ಟರು. ನನ್ನ ಮಗಳಿಗೆ ಬಂದದ್ದರ ಕೊಕ್ಕೆ ಮುರಿದಿತ್ತು. ಕೇಳಿದ ಕೂಡಲೇ ಬೇರೆಯದನ್ನು ಕೊಟ್ಟರು, ಆದರೆ ಕೇಳಲೇಬೇಕಾಯಿತು. ಇನ್ನು ದಾರಿಯುದ್ದಕ್ಕೂ ಸ್ಪೀಕರಿನಲ್ಲಿ ಸಿನಿಮಾ ಹಾಡುಗಳನ್ನು ಎಷ್ಟು ಜೋರಾಗಿ ಹಾಕಿದ್ದರೆಂದರೆ, ಸುಮಾರು ಆರು ಕಿಲೋಮೀಟರಿನ ಆ ಕಡಲಿನಲ್ಲಿ ಕಡಲಿನ ಸದ್ದೊಂದನ್ನು ಬಿಟ್ಟು ಮಿಕ್ಕೆಲ್ಲವೂ ಕೇಳಿಸಿತು.

ದ್ವೀಪದ ಹತ್ತಿರ ದೊಡ್ಡ ದೋಣಿಯಿಂದ ಸಣ್ಣ ದೋಣಿಗೆ ದಾಟಬೇಕು. ಮಂಡಿನೋವಿರುವ ಹಿರಿಯರನ್ನು ಕರೆದೊಯ್ಯುವವರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ನಮ್ಮ ದೋಣಿಯ ಹುಡುಗರು ಈ ಕೆಲಸದಲ್ಲಿ ಪಳಗಿದವರು. ಅಲೆ ಏರುವ ಹೊತ್ತಿಗೆ ಸರಿಯಾಗಿ ಒಬ್ಬೊಬ್ಬರ ಮುಂಗೈ ಹಿಡಿದು ದಾಟಿಸಿದರು, ಯಾರ ಕಾಲೂ ಜಾರಲಿಲ್ಲ.

ದ್ವೀಪವೆಂದರೆ ಉದ್ದ ಸುಮಾರು ಅರ್ಧ ಕಿಲೋಮೀಟರು, ಅಗಲ ನೂರು ಮೀಟರು, ತುಂಬ ತೆಂಗಿನ ಮರಗಳು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿಯ ಹೆಸರಿಟ್ಟನೆಂಬ ಪ್ರತೀತಿಯನ್ನು ಎಲ್ಲರೂ ಹೇಳುತ್ತಾರೆ. ನೋಡಬೇಕಾದದ್ದು ಮಾತ್ರ ಅವನಿಗಿಂತ ಬಹಳ ಹಳೆಯದು. ಕಡಲಂಚಿನಲ್ಲಿ, ಯಾರೋ ಅಳತೆ ಹಿಡಿದು ಕಡಿದು ಒತ್ತೊತ್ತಾಗಿ ನಿಲ್ಲಿಸಿದಂತಹ ಕಲ್ಲಿನ ಕಂಬಗಳಿವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿ ಬಂದ ಲಾವಾ ತಣಿಯುತ್ತ ಕುಗ್ಗಿ, ಬೇಸಿಗೆಯ ಕೆರೆಯಂಗಳದ ಕೆಸರು ಬಿರಿಯುವಂತೆ ಬಿರಿದು ಈ ಕಂಬಗಳಾಗಿವೆ. ಇದನ್ನು ಬಸಾಲ್ಟ್ ಎಂಬ ಕಪ್ಪು ಲಾವಾ ಕಲ್ಲೆಂದು ಕರೆಯುವುದು ವಾಡಿಕೆ. ಆದರೆ ಸಿಲಿಕಾ ಅಂಶ ಹೆಚ್ಚಿರುವ ಈ ಕಲ್ಲನ್ನು ಭೂವಿಜ್ಞಾನಿಗಳು ಡೇಸೈಟ್, ರಯೋಡೇಸೈಟ್ ಎನ್ನುತ್ತಾರೆ, ಮತ್ತು ದಖ್ಖನ್ ಪ್ರಸ್ಥಭೂಮಿಯ ಕಪ್ಪು ಕಲ್ಲು ಇದಕ್ಕಿಂತ ಎರಡು ಕೋಟಿ ವರ್ಷಗಳಷ್ಟು ಕಿರಿಯದು. ಬೆಂಗಳೂರಿನ ಲಾಲ್‌ಬಾಗ್ ಬಂಡೆಯಂತೆ ಇದೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನಮ್ಮ ದೋಣಿಯವರು ಇದರಲ್ಲಿ ಒಂದಕ್ಷರವನ್ನೂ ಹೇಳಲಿಲ್ಲ. ದಡದಲ್ಲಿ ಇಳಿಸಿ, ಒಂದು ಗಂಟೆಯೊಳಗೆ ವಾಪಸ್ಸು ಬರಬೇಕು ಎಂದಷ್ಟೇ ಹೇಳಿದರು.

ನಾವು ಇಳಿದಾಗ ನೀರು ಇಳಿತದಲ್ಲಿತ್ತು. ಅಲೆ ಹಿಂದೆ ಸರಿದಾಗ ಕಂಬಗಳ ಸವೆದ ನೆತ್ತಿಯ ಗುಳಿಗಳಲ್ಲಿ ಒಂದೊಂದು ಬೊಗಸೆ ನೀರು ಉಳಿಯುತ್ತಿತ್ತು. ಅಂತಹ ಒಂದು ಗುಳಿಯಲ್ಲಿ ಉಗುರಿನಷ್ಟು ದೊಡ್ಡ ಏಡಿಯೊಂದು ನಮ್ಮ ನೆರಳು ಬಿದ್ದ ಕೂಡಲೇ ಕಲ್ಲಿನ ಸಂದಿಗೆ ಅಡ್ಡಡ್ಡಲಾಗಿ ನುಸುಳಿತು. ಮಗಳು ಕುಕ್ಕರಗಾಲಿನಲ್ಲಿ ಕೂತು ಕಂಬಗಳ ಮುಖಗಳನ್ನು ಬೆರಳಿನಿಂದ ಎಣಿಸತೊಡಗಿದಳು: ಐದು, ಆರು, ಮತ್ತೆ ಆರು. ಏಳು ಮುಖದ್ದೊಂದು ಸಿಕ್ಕಿತೆಂದು ಅವಳು ಕೂಗುವುದಕ್ಕೂ ದಡದಲ್ಲಿ ಸೀಟಿ ಊದುವುದಕ್ಕೂ ಸರಿಹೋಯಿತು. ಗಡಿಯಾರ ನೋಡಿದರೆ ಆಗಿದ್ದದ್ದು ನಲವತ್ತು ನಿಮಿಷ. ವಿಚಾರಿಸಿದಾಗ, ಮುಂದಿನ ತಂಡ ಬಂದರಿನಲ್ಲಿ ಕಾಯುತ್ತಿದೆ ಎಂಬ ಉತ್ತರ ಬಂತು. ನಮ್ಮನ್ನು ಮುಕ್ಕಾಲು ಗಂಟೆ ಕಾಯಿಸಿ, ಆ ತಡವನ್ನು ಹೀಗೆ ನಮ್ಮ ಲೆಕ್ಕದಲ್ಲೇ ಮುರಿದುಕೊಂಡದ್ದು ನ್ಯಾಯವಲ್ಲ ಎಂಬುದೇ ಈ ಸೇವೆಯ ಬಗ್ಗೆ ನನ್ನ ಮುಖ್ಯ ತಕರಾರು. ಸೀಟಿಯ ಇನ್ನೊಂದು ಉಪಯೋಗವನ್ನು ಮಾತ್ರ ಒಪ್ಪುತ್ತೇನೆ. 2022ರಲ್ಲಿ ಪ್ರವಾಸಕ್ಕೆ ಬಂದ ವಿದ್ಯಾರ್ಥಿಗಳು ಇಲ್ಲಿ ನೀರುಪಾಲಾದ ಜಾಗವಿದು. ಪಾಚಿಗಟ್ಟಿದ ಕಲ್ಲಿನ ತುದಿಗೆ ಸೆಲ್ಫಿಗೆಂದು ಹೋದವರನ್ನು ಜೀವರಕ್ಷಕರು ಸೀಟಿ ಊದಿ ಹಿಂದಕ್ಕೆ ಕರೆಯುತ್ತಲೇ ಇದ್ದರು.

ಮಲ್ಪೆಯಿಂದ ಹೊನ್ನಾವರಕ್ಕೆ ಸುಮಾರು 120 ಕಿಲೋಮೀಟರು. ಕುಂದಾಪುರದಲ್ಲಿ ಕಾಣೆ ಮೀನಿನ ಫ್ರೈ ಜೊತೆ ಊಟ ಮುಗಿಸಿ, ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ಇರುವ ಮರವಂತೆಯಲ್ಲಿ ಹತ್ತು ನಿಮಿಷ ನಿಂತು, ನಾಲ್ಕರ ಹೊತ್ತಿಗೆ ಶರಾವತಿಯ ದಡ ಮುಟ್ಟಿದೆವು. ದಾರಿಯಲ್ಲಿ ಹೊಳೆಯ ನಡುವಿನ ದ್ವೀಪದ ಹೆಸರೂ ಬದಲಾಗುತ್ತದೆ: ಉಡುಪಿಯ ಕಡೆ ಅದು ಕುದ್ರು, ಹೊನ್ನಾವರಕ್ಕೆ ಬಂದರೆ ಕುರ್ವೆ. ಅಲ್ಲಿನ ಮಾವಿನಕುರ್ವೆ ಒಂದು ಇಡೀ ಊರು.

ಹೊನ್ನಾವರದ ದೋಣಿ ಚಿಕ್ಕದು. ದರ ತಲೆಗಿಷ್ಟು ಎಂದಲ್ಲ, ಇಡೀ ದೋಣಿಗೆ, ಗಂಟೆಯ ಲೆಕ್ಕದಲ್ಲಿ. ಹಾಗಾಗಿ ಮೂವರೇ ಇದ್ದರೆ ತುಸು ದುಬಾರಿ ಎನಿಸುತ್ತದೆ. ಕೂರುವ ಹಲಗೆಗೆ ಮೆತ್ತೆಯಿಲ್ಲ, ಡೀಸೆಲ್ ವಾಸನೆ ಇದೆ, ದಡದಲ್ಲಿ ಶೌಚಾಲಯದ ಬಗ್ಗೆ ಹೇಳದಿರುವುದೇ ಲೇಸು. ಇಷ್ಟಾದರೂ ಎರಡರಲ್ಲಿ ಮತ್ತೆ ಯಾವುದಕ್ಕೆ ಹಣ ಕೊಡುತ್ತೀರಿ ಎಂದು ಕೇಳಿದರೆ ಇದಕ್ಕೇ ಎನ್ನುತ್ತೇನೆ. ಎರಡು ಕಿಲೋಮೀಟರಿಗಿಂತ ಉದ್ದವಿರುವ, ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ ಸೇತುವೆಯನ್ನು ದೂರದಿಂದ ತೋರಿಸಿ, ಅಂಬಿಗರು ದೋಣಿಯನ್ನು ಕಾಂಡ್ಲ (ಮ್ಯಾಂಗ್ರೋವ್) ಗಿಡಗಳ ನಡುವಿನ ಕಿರುಗಾಲುವೆಯೊಳಗೆ ತಿರುಗಿಸಿ ಎಂಜಿನ್ ಆರಿಸಿಬಿಟ್ಟರು. ಬೆಳಗಿನಿಂದ ಮೊದಲ ಬಾರಿಗೆ ಕಿವಿಗೆ ನೀರಿನ ಸದ್ದು ಬಿತ್ತು. ಕೊಂಬೆಯಿಂದ ನೇತಾಡುತ್ತಿದ್ದ, ನುಗ್ಗೆಕಾಯಿಯ ತುಂಡಿನಂತಿದ್ದ ಹಸಿರು ಕೋಲೊಂದನ್ನು ಕಿತ್ತು ಅವರು ಮಗಳ ಕೈಗಿತ್ತರು. ಕಾಂಡ್ಲದ ಬೀಜ ಮರದಲ್ಲಿರುವಾಗಲೇ ಹೀಗೆ ಮೊಳೆತು, ಉದುರಿದಾಗ ಕೆಸರಿಗೆ ನೆಟ್ಟಗೆ ನಾಟಿಕೊಳ್ಳುತ್ತದೆ ಎಂದು ವಿವರಿಸಿ, ಅವಳಿಂದಲೇ ದಡದ ಕೆಸರಿಗೆ ಚುಚ್ಚಿಸಿದರು. ಒಂದು ಗಂಟೆ ಮುಗಿದು ಹದಿನೈದು ನಿಮಿಷ ಕಳೆದಿದ್ದರೂ ಹೆಚ್ಚಿನ ಹಣ ಕೇಳಲಿಲ್ಲ. ಹೊತ್ತು ಮುಳುಗುವುದನ್ನು, ಹೊಳೆ ಕಡಲು ಸೇರುವ ಅಳಿವೆಯ ಕಡೆ ಮುಖ ಮಾಡಿ ನೋಡಿಸಿಯೇ ದಡಕ್ಕೆ ತಂದರು.

ಆ ಕಿರುಗಾಲುವೆಗೆ ದೋಣಿ ಹೋಗುವುದು ಉಬ್ಬರದಲ್ಲಿ ಮಾತ್ರ ಎಂಬುದು ನಮಗೆ ಗೊತ್ತಾದದ್ದು ದೋಣಿಯಲ್ಲಿ ಕೂತ ಮೇಲೆ. ಇಳಿತದ ಹೊತ್ತಿನಲ್ಲಿ ಅಲ್ಲಿ ಬರಿಯ ಕೆಸರು. ಮಲ್ಪೆಯ ಕಂಬಗಳ ಬುಡ ಕಾಣುವುದು ಅದಕ್ಕೆ ತಿರುಗಾಮುರುಗಾ, ಇಳಿತದಲ್ಲಿ. ಬೆಳಿಗ್ಗೆ ಇಳಿತವೂ ಸಂಜೆ ಉಬ್ಬರವೂ ಇರುವ ದಿನ ನಮಗೆ ಅದೃಷ್ಟವಶಾತ್ ಒದಗಿತ್ತು. ನೀವು ಹೋಗುವುದಾದರೆ ಹೋಟೆಲ್ ಕಾಯ್ದಿರಿಸುವ ಮೊದಲು ಉಬ್ಬರವಿಳಿತದ ವೇಳಾಪಟ್ಟಿಯನ್ನು ನೋಡಿ, ಬೆಳಿಗ್ಗೆ ಹತ್ತರ ಸುಮಾರಿಗೆ ನೀರು ತಗ್ಗಿರುವ ದಿನವನ್ನು ಆರಿಸಿಕೊಳ್ಳಿ. ಮಳೆಗಾಲದಲ್ಲಿ ಮಲ್ಪೆಯ ದೋಣಿಗಳು ದ್ವೀಪಕ್ಕೆ ಹೋಗುವುದಿಲ್ಲ.