ವಿಮೆ ಫೋನ್: ರೆಕಾರ್ಡ್ ಆಗೋದು ನಿಮ್ಮ ‘ಹೌದು’, ಅವರ ಆಮಿಷ ಅಲ್ಲ

ಸಿಂಧನೂರು, ಮಾನ್ವಿ, ಗಂಗಾವತಿ ಕಡೆ ಭತ್ತದ ರೊಕ್ಕ ಖಾತೆಗೆ ಬೀಳೋ ಹೊತ್ತಿಗೆ ಹಿರಿಯರ ಮೊಬೈಲಿಗೆ ವಿಮೆ ಬೋನಸ್ಸಿನ ಆಸೆ ತೋರಿಸಿ ಮೋಸ ಮಾಡೋ ಫೋನ್ ಬರ್ತವೆ. ಮನೆಯಲ್ಲಿ ವಯಸ್ಸಾದವರಿದ್ದರೆ ಇದನ್ನ ಪೂರ್ತಿ ಓದ್ರಿ.

ಸಿಂಧನೂರು ತಾಲೂಕಿನ ನಮ್ಮ ಕಾಕಾನ ಹಳೇ ವಿಮೆ ಪಾಲಿಸಿಯೊಂದು ಕಂತು ಕಟ್ಟದೆ ನಿಂತುಹೋಗಿತ್ತು. ಒಬ್ಬಾಕೆ ಫೋನ್ ಮಾಡಿ, “ಸರ್, ವಿಮಾ ಇಲಾಖೆಯಿಂದ ಮಾತಾಡ್ತಿದ್ದೀನಿ, ನಿಮ್ಮ ಪಾಲಿಸಿಗೆ ಬೋನಸ್ ಬಂದಿದೆ, ಬಿಡುಗಡೆಗೆ ಡಿಪಾಸಿಟ್ ಕಟ್ಟಬೇಕು” ಅಂದಳು. ಹಳೇ ಪಾಲಿಸಿ ನಂಬರ್ ಸರಿಯಾಗಿ ಹೇಳಿದ್ದಕ್ಕೆ ಕಾಕಾ ನಂಬಿದರು. ಆಮೇಲೆ ಆಕೆ ಹೇಳಿದ ಮಾತೇ ಮುಖ್ಯ: “ಕಂಪನಿಯಿಂದ ವೆರಿಫಿಕೇಷನ್ ಕಾಲ್ ಬರುತ್ತೆ. ಬೋನಸ್ ಮಾತು ತೆಗೀಬೇಡಿ, ತೆಗೆದರೆ ಕ್ಯಾನ್ಸಲ್ ಆಗುತ್ತೆ. ಕೇಳಿದ್ದಕ್ಕೆಲ್ಲ ಹೌದು ಅನ್ನಿ.”

ಕಾಲ್ ಬಂತು. ಕರೆ ರೆಕಾರ್ಡ್ ಆಗ್ತಿದೆ ಅಂತ ಮೊದಲೇ ಹೇಳಿದರು. ಇದು ವರ್ಷಾ ವರ್ಷ ಕಂತು ಕಟ್ಟುವ ಪಾಲಿಸಿ ಅಂತ ಗೊತ್ತಿದೆಯಾ? ಬೋನಸ್, ಸಾಲ ಅಂತ ಯಾರೂ ಆಸೆ ತೋರಿಸಿಲ್ಲ ತಾನೆ? ಕಾಕಾ ಎಲ್ಲದಕ್ಕೂ “ಹೌದ್ರಿ, ಹೌದ್ರಿ” ಅಂದರು. ಡಿಪಾಸಿಟ್ ಅಂದುಕೊಂಡು ಕಟ್ಟಿದ್ದು ಹೊಸ ಪಾಲಿಸಿಯ ಮೊದಲ ಕಂತಾಗಿತ್ತು.

ದೂರು ಕೊಟ್ಟಾಗ ಕಂಪನಿಯವರು ಆ ಆಡಿಯೋ ಕಳಿಸಿ, ನಿಮ್ಮವರೇ ಒಪ್ಪಿದ್ದಾರೆ ಅಂದರು. ಮೊದಲನೇ ಕರೆ ಎಲ್ಲಿ ಅಂದರೆ, ನಮ್ಮ ವ್ಯವಸ್ಥೆಯಲ್ಲಿ ಇಲ್ಲ ಅಂತ ಉತ್ತರ. ಆ ‘ಇಲ್ಲ’ ಸುಳ್ಳಲ್ಲದೇ ಇರಬಹುದು, ಮೋಸ ಇರೋದೇ ಅಲ್ಲಿ. ಕಾಲ್ ಸೆಂಟರಿನ ಲೈನಿನಿಂದ ಹೋಗುವ ಕರೆ ತಾನಾಗಿಯೇ ರೆಕಾರ್ಡ್ ಆಗಿ, ದಿನಾಂಕ, ಸಮಯ, ಸಿಬ್ಬಂದಿಯ ಗುರುತಿನ ಸಮೇತ ಸರ್ವರಿಗೆ ಸೇರುತ್ತೆ. ಫೈಲನ್ನ ಗೂಢಲಿಪಿಯಲ್ಲಿ ಇಡ್ತಾರೆ, ಅನುಮತಿ ಇದ್ದವರಷ್ಟೇ ಕೇಳಬಹುದು, ಯಾರು ಯಾವಾಗ ಕೇಳಿದರು ಅನ್ನೋದೂ ದಾಖಲಾಗುತ್ತೆ. ಇಷ್ಟೆಲ್ಲ ಭದ್ರತೆ ಆ ‘ಹೌದ್ರಿ’ಗೆ. ಆಮಿಷ ಒಡ್ಡಿದ ಕರೆ ಬಂದಿದ್ದು ಮಾಮೂಲಿ ಹತ್ತಂಕಿಯ ಮೊಬೈಲಿನಿಂದ. ಅದರ ಮಾತನ್ನ ಯಾರೂ ಹಿಡಿದಿಟ್ಟಿಲ್ಲ.

ಅದಕ್ಕೇ ಹಿರಿಯರಿಗೆ ಹೇಳಿಕೊಡ್ರಿ: ರೆಕಾರ್ಡ್ ಆಗ್ತಿದೆ ಅಂದ ಕೂಡಲೇ ಹೆದರಬೇಡಿ, ಅಲ್ಲೇ ಎಲ್ಲ ಬಾಯಿಬಿಡಿ. “ನಿನ್ನೆ ಒಬ್ಬರು ಬೋನಸ್ ಬರ್ತದ ಅಂದಾರ, ಹೌದೇನ್ರಿ?” ಅಂತ ಅದೇ ಕರೆಯಲ್ಲಿ ಕೇಳಿದರೆ ಅದೂ ದಾಖಲೆಯಾಗುತ್ತೆ. ಬೇರೆಯವರು ಹೇಳಿಕೊಟ್ಟ ‘ಹೌದು’ ಮಾತ್ರ ಬೇಡ. ವಿಮಾ ನಿಯಂತ್ರಣ ಪ್ರಾಧಿಕಾರ ಪಾಲಿಸಿ ಮಾರೋದಿಲ್ಲ, ಬೋನಸ್ ಹಂಚೋದೂ ಇಲ್ಲ. ಹಣಕಾಸು ಸಂಸ್ಥೆಗಳ ಸೇವಾ ಕರೆಗಳಿಗೆ 1600ರಿಂದ, ಪ್ರಚಾರದ ಕರೆಗಳಿಗೆ 140ರಿಂದ ಶುರುವಾಗುವ ನಂಬರ್ ಗೊತ್ತುಮಾಡಿದ್ದಾರೆ. ಬ್ಯಾಂಕ್ ಕಾರ್ಡಿನ ಹಿಂದಿನ ಮೂರಂಕಿಯನ್ನ ಯಾರಿಗೂ ಬಾಯಲ್ಲಿ ಹೇಳಬೇಡಿ. ಕಾರ್ಡ್ ಉದ್ಯಮದ ಭದ್ರತಾ ನಿಯಮದ ಪ್ರಕಾರ, ಹಣ ಪಾವತಿಯಾದ ಮೇಲೆ ಆ ಸಂಖ್ಯೆ ರೆಕಾರ್ಡಿಂಗಿನಲ್ಲೂ ಉಳಿಯಬಾರದು.

ಪಾಲಿಸಿ ಆಗಿಬಿಟ್ಟಿದ್ದರೆ ಮೊದಲು ಪಾಲಿಸಿ ಪತ್ರ ಹುಡುಕಿ. ಅದು ಕೈಗೆ ಬಂದು 30 ದಿನದೊಳಗೆ ಬೇಡ ಅಂತ ಬರೆದುಕೊಟ್ಟರೆ, ಅಲ್ಪಸ್ವಲ್ಪ ಮುರಿದುಕೊಂಡು ರೊಕ್ಕ ವಾಪಸ್ ಕೊಡಲೇಬೇಕು. ಕಾಕಾನ ಪತ್ರ ಆ ಮಹಾತಾಯಿಯೇ ತೆರೆದ ಇಮೇಲ್ ವಿಳಾಸಕ್ಕೆ ಹೋಗಿತ್ತು. ಇಮೇಲ್ ಅಂದರೇನು ಅಂತಲೇ ಕಾಕಾಗೆ ಗೊತ್ತಿಲ್ಲ. ಅರ್ಜಿಯಲ್ಲಿ ಯಾವ ಇಮೇಲ್, ಯಾವ ಫೋನ್ ನಂಬರ್ ಬರೆದಿದ್ದಾರೆ ಅಂತ ತಪ್ಪದೆ ನೋಡ್ರಿ.

ದೂರನ್ನ ಫೋನಿನಲ್ಲಿ ಹೇಳಿ ಬಿಡಬೇಡಿ, ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದು ಕಳಿಸಿ. ತುಣುಕಲ್ಲ, ಎಲ್ಲ ಕರೆಗಳ ಪೂರ್ತಿ ರೆಕಾರ್ಡಿಂಗ್ ಬೇಕು, ದೂರು ಮುಗಿಯೋವರೆಗೆ ಅಳಿಸಬಾರದು ಅಂತ ಅದರಲ್ಲೇ ಬರೀರಿ. ಪ್ರಾಧಿಕಾರದ ಸಹಾಯವಾಣಿ 155255. ಕಂಪನಿ 30 ದಿನದಲ್ಲಿ ಉತ್ತರ ಕೊಡದಿದ್ದರೆ, ಅಥವಾ ಆಗಲ್ಲ ಅಂದರೆ, ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮೆ ದೂರು ಕೇಳಿ ಬಗೆಹರಿಸುವ ಅಧಿಕಾರಿ, ಇದ್ದಾರೆ. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ.

ಕಾಕಾನ ದೂರು ಈಗ ಅಲ್ಲೇ ಇದೆ. ಮಾತಿನ ರೆಕಾರ್ಡ್ ನಮ್ಮಲ್ಲಿಲ್ಲ, ಆದರೆ ಫೋನಿನ ಕರೆಪಟ್ಟಿ ಇದೆ: ವೆರಿಫಿಕೇಷನ್ ಕಾಲಿನ ಹಿಂದೆ, ಮುಂದೆ ಅದೇ ಹತ್ತಂಕಿಯ ನಂಬರಿನಿಂದ ಕರೆಗಳು. ಅದರ ಸ್ಕ್ರೀನ್‌ಶಾಟ್ ಲಗತ್ತಿಸಿದ್ದೀವಿ. ಹೊಸ ಕರೆ ಬಂದಂತೆಲ್ಲ ಹಳೇವು ಪಟ್ಟಿಯಿಂದ ಅಳಿಸಿಹೋಗ್ತವೆ, ಅನುಮಾನ ಬಂದ ದಿನವೇ ತೆಗೆದಿಟ್ಟುಕೊಳ್ಳಿ.