ಏಜೆಂಟ್ ಕೈಗೆ ಡೀಬಗರ್: ಒಂದು ವರ್ಷ ಬಳಸಿದ ಮೇಲೆ ಅನಿಸಿದ್ದು

ಕೋಡಿಂಗ್ ಏಜೆಂಟ್‌ಗೆ (ಕೋಡ್ ಬರೆದು ತಿದ್ದುವ ಎಐಗೆ) ಬರೀ ಸ್ಟ್ಯಾಕ್ ಟ್ರೇಸ್, ಅಂದರೆ ಎರರ್ ಯಾವ ಫಂಕ್ಷನ್‌ಗಳ ಮೂಲಕ ಬಂತು ಅನ್ನುವ ಪಟ್ಟಿ, ಕೊಟ್ಟರೆ ಅದು ಊಹೆ ಮಾಡುತ್ತದೆ. ವ್ಯಾಲ್ಯೂ ನನ್ (None, ಅಂದರೆ ಏನೂ ಇಲ್ಲ) ಆಗಿದೆ ಅಂತ ಎರರ್ ಬಂದರೆ ಆ ಸಾಲಿನ ಮೇಲೆ ಒಂದು ಇಫ್ ಹಾಕಿ ಕೈತೊಳೆದುಕೊಳ್ಳುತ್ತದೆ. ಇಲ್ಲವೇ ಟ್ರೈ-ಎಕ್ಸೆಪ್ಟ್ ಸುತ್ತಿ ಎರರನ್ನೇ ನುಂಗಿಹಾಕುತ್ತದೆ. ಟೆಸ್ಟ್ ಪಾಸ್, ಬಗ್ ಮಾತ್ರ ಇದ್ದಲ್ಲೇ. ಈ ಕಾಟ ತಡೆಯಲಾರದೆ ಒಂದು ಎಕ್ಸೆಪ್ಶನ್ ಡೀಬಗರ್, ಅಂದರೆ ಎರರ್ (ಎಕ್ಸೆಪ್ಶನ್) ಬಂದ ಕ್ಷಣದಲ್ಲಿ ಪ್ರೋಗ್ರಾಂ ಒಳಗೆ ಏನಿತ್ತು ಅಂತ ತೋರಿಸುವ ಟೂಲ್, ಹಾಕಿಕೊಂಡೆ. ಪೈಥಾನ್ ಸರ್ವರ್ ಕೋಡ್ ಮೇಲೆ ಸುಮಾರು ಒಂದು ವರ್ಷದಿಂದ ಓಡುತ್ತಿದೆ. ಹೆಸರು ಬೇಡ ಬಿಡಿ, ಈ ಜಾತಿಯ ಟೂಲ್‌ಗಳ ಗುಣ-ದೋಷ ಹೆಚ್ಚುಕಮ್ಮಿ ಒಂದೇ.

ಒಳಗೆ ನಡೆಯುವುದು ಜಾದೂ ಏನಲ್ಲ. ಪೈಥಾನ್‌ನಲ್ಲಿ ಎಕ್ಸೆಪ್ಶನ್ ಎದ್ದಾಗ ಅದರ ಟ್ರೇಸ್‌ಬ್ಯಾಕ್‌ಗೆ (ಸ್ಟ್ಯಾಕ್ ಟ್ರೇಸ್‌ಗೆ ಪೈಥಾನ್‌ನಲ್ಲಿ ಇರುವ ಹೆಸರು) ಫ್ರೇಮ್‌ಗಳು, ಅಂದರೆ ಓಡುತ್ತಿದ್ದ ಒಂದೊಂದು ಫಂಕ್ಷನ್‌ನ ಸ್ಥಿತಿ, ಅಂಟಿಕೊಂಡಿರುತ್ತವೆ. ಪ್ರತಿ ಫ್ರೇಮ್‌ನಲ್ಲೂ ಆ ಹೊತ್ತಿನ ಲೋಕಲ್ ವೇರಿಯೇಬಲ್‌ಗಳು ಹಾಗೇ ಕೂತಿರುತ್ತವೆ. ಪೈಥಾನ್ ಜೊತೆಗೇ ಬರುವ ಪಿಡಿಬಿ ಡೀಬಗರ್‌ನಲ್ಲಿ ಪೋಸ್ಟ್‌ಮಾರ್ಟಮ್ ಮಾಡಿದವರಿಗೆ ಇದು ಗೊತ್ತಿರುವುದೇ. ಈ ಟೂಲ್ ಅದನ್ನು ಹಿಡಿದಿಟ್ಟುಕೊಂಡು, 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಹೊರತಂದ, ಎಐಗೆ ಹೊರಗಿನ ಟೂಲ್‌ಗಳನ್ನು ಜೋಡಿಸುವ ಎಂಸಿಪಿ ಪ್ರೋಟೊಕಾಲ್ ಮೂಲಕ ಏಜೆಂಟ್‌ಗೆ ಕೊಡುತ್ತದೆ. ಫ್ರೇಮ್ ಪಟ್ಟಿ ಕೇಳಬಹುದು, ವೇರಿಯೇಬಲ್ ನೋಡಬಹುದು, ಬೇಕೆಂದರೆ ಒಂದು ಎಕ್ಸ್‌ಪ್ರೆಶನ್ (ಪುಟ್ಟ ಕೋಡ್ ತುಣುಕು) ಓಡಿಸಬಹುದು.

ಇಷ್ಟರಿಂದಲೇ ಏಜೆಂಟ್ ವರ್ತನೆ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಬಿಲ್ ಮೊತ್ತ ಕೂಡಿಸುವ ಲೂಪ್‌ನಲ್ಲಿ ಟೈಪ್ ಎರರ್ ಬಂತು: ಇಂಟ್ ಜೊತೆ ಸ್ಟ್ರಿಂಗ್ ಕೂಡಿಸಲಾಗದು. ಮೊದಲಾಗಿದ್ದರೆ ಅಲ್ಲೇ ಇಂಟ್ ಅಂತ ಸುತ್ತಿ ಮುಗಿಸುತ್ತಿತ್ತು. ಈ ಸಲ ವೇರಿಯೇಬಲ್ ತೆಗೆದು ನೋಡಿತು, ವ್ಯಾಲ್ಯೂ "1,200" ಅಂತಿದೆ, ನಡುವೆ ಕಾಮಾ, ಅಂದರೆ ಇಂಟ್ ಸುತ್ತಿದ್ದರೆ ಅದೇ ಸಾಲಿನಲ್ಲಿ ವ್ಯಾಲ್ಯೂ ಎರರ್ ಆಗಿ ಮತ್ತೆ ಸಾಯುತ್ತಿತ್ತು. ಅದೇ ಆಬ್ಜೆಕ್ಟ್‌ನಲ್ಲಿ ಎಲ್ಲಿಂದ ಬಂದ ಡೇಟಾ ಎಂಬ ಫೀಲ್ಡ್ ಇತ್ತು, ಅದರಲ್ಲಿ ಒಂದು ಸಿಎಸ್‌ವಿ ಫೈಲ್ ಹೆಸರು. ಸೀದಾ ಇಂಪೋರ್ಟರ್ ಕೋಡ್‌ಗೆ ಹೋಯಿತು. ಅಲ್ಲಿ ನಂಬರ್ ಆಗದಿದ್ದರೆ ಸ್ಟ್ರಿಂಗನ್ನೇ ಸುಮ್ನೆ ಬಿಟ್ಟುಬಿಡುವ ಎಕ್ಸೆಪ್ಟ್ ಒಂದು ಹಳೇ ಕಾಲದಿಂದ ಕೂತಿತ್ತು. ತಿದ್ದಿದ್ದು ಅಲ್ಲಿ, ಎರರ್ ಬಂದ ಸಾಲಿನಲ್ಲಲ್ಲ. ನನಗೆ ಬೇಕಿದ್ದದ್ದು ಇದೇ.

ಈಗ ತಲೆನೋವಿನ ವಿಷಯ. ಎಕ್ಸ್‌ಪ್ರೆಶನ್ ಓಡಿಸುವ ಸೌಲಭ್ಯ ಇದೆಯಲ್ಲ, ಅದು ಡೀಫಾಲ್ಟ್ ಆಗಿ ಆನ್ ಇರುತ್ತದೆ. ಬರೀ ನೋಡುವುದರಿಂದ ಏನಾಗುತ್ತದೆ ಅನಿಸುತ್ತದೆ, ಅಲ್ವಾ? ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಜ್ಯಾಂಗೋದಲ್ಲಿ ಕ್ವೆರಿಸೆಟ್ (ಇನ್ನೂ ಓಡಿಸದ ಡೇಟಾಬೇಸ್ ಪ್ರಶ್ನೆ) ಒಂದನ್ನು ಪ್ರಿಂಟ್ ಮಾಡಿದರೂ ಸಾಕು, ಅದು ಡೇಟಾಬೇಸ್‌ಗೆ ಹೋಗಿ 21 ಸಾಲು ತರುತ್ತದೆ. ಜನರೇಟರ್ (ವ್ಯಾಲ್ಯೂಗಳನ್ನು ಒಂದೊಂದಾಗಿ, ಒಂದೇ ಸಲ ಕೊಡುವಂಥದ್ದು) ಇದ್ದರೆ ಏಜೆಂಟ್ ಅದನ್ನು ಲಿಸ್ಟ್ ಮಾಡಿ ನೋಡುತ್ತದೆ, ಅಲ್ಲಿಗೆ ಅದು ಖಾಲಿ. ಆಮೇಲೆ "ಡೇಟಾನೇ ಬಂದಿಲ್ಲ, ಅದೇ ಕಾರಣ" ಅಂತ ತಾನೇ ಖಾಲಿ ಮಾಡಿದ್ದರ ಮೇಲೆ ವರದಿ ಬರೆಯುತ್ತದೆ! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಸೌಲಭ್ಯ ಆಫ್ ಮಾಡಿಟ್ಟಿದ್ದೇನೆ, ಬೇಕೇ ಬೇಕು ಅನಿಸಿದಾಗ ಮಾತ್ರ ಒಪ್ಪಿಗೆ ಕೊಡುತ್ತೇನೆ.

ಉದ್ದದ ಲಿಸ್ಟ್‌ಗಳನ್ನು ಇದು ಕತ್ತರಿಸಿ ಮೊದಲ ಕೆಲವನ್ನಷ್ಟೇ ತೋರಿಸುತ್ತದೆ. ಏಜೆಂಟ್‌ನ ಕಾಂಟೆಕ್ಸ್ಟ್ (ಒಂದು ಸಲಕ್ಕೆ ಓದಬಲ್ಲ ಪಠ್ಯದ ಮಿತಿ) ತುಂಬಬಾರದಲ್ಲ, ಕಾರಣ ಸರಿಯೇ. ಆದರೆ ಸಮ್ ಫಂಕ್ಷನ್‌ಗೆ ಇಡೀ ಲಿಸ್ಟ್ ಕೊಟ್ಟ ಕಡೆ ಎರರ್ ಬಂದರೆ ನೋಡಲು ಲೂಪ್ ವೇರಿಯೇಬಲ್ ಇರುವುದಿಲ್ಲ, ಸಮ್‌ನ ಒಳಗಡೆ ಸಿ ಕೋಡ್, ಹಾಗಾಗಿ ಅದರದ್ದೊಂದು ಫ್ರೇಮ್ ಕೂಡ ಸಿಗುವುದಿಲ್ಲ, ಕೆಟ್ಟ ಐಟಂ ಎಲ್ಲೋ ಕೊನೆಯಲ್ಲಿ ಅಡಗಿರುತ್ತದೆ, ಏಜೆಂಟ್ ಮೊದಲ ನಾಲ್ಕು ನೋಡಿ "ಡೇಟಾ ಸರಿ ಇದೆ" ಅಂದುಬಿಡುತ್ತದೆ. ಇಷ್ಟು ಐಟಂ ಕತ್ತರಿಸಿದ್ದೇನೆ ಅಂತ ಟೂಲ್ ಹೇಳುವುದೇ ಇಲ್ಲ. ಒಂದು ಸಾಲು ಸೇರಿಸಿದರೆ ಮುಗಿಯುವ ಕೆಲಸ.

ಫ್ರೇಮ್ ಹಿಡಿದಿಟ್ಟಷ್ಟು ಹೊತ್ತು ಅದರೊಳಗಿನ ದೊಡ್ಡ ಡೇಟಾಫ್ರೇಮ್‌ಗಳೂ (ಡೇಟಾ ಕೋಷ್ಟಕಗಳೂ) ಮೆಮೊರಿಯಲ್ಲೇ ಉಳಿಯುತ್ತವೆ. ಹಾಗಾಗಿ ಎಷ್ಟು ಎಕ್ಸೆಪ್ಶನ್ ಇಟ್ಟುಕೊಳ್ಳಬೇಕು ಅನ್ನುವ ಮಿತಿಯನ್ನು ಕಡಿಮೆ ಮಾಡಿಕೊಳ್ಳಿ. ಅಸಿಂಕ್ ಕೋಡ್‌ನಲ್ಲಿ (ಒಂದು ಕೆಲಸ ಕಾಯುವಾಗ ಇನ್ನೊಂದನ್ನು ಓಡಿಸುವ ಕೋಡ್) ಬೇರೆ ಟಾಸ್ಕ್ ಮಾಡಿ ಬಿಟ್ಟ ಕೆಲಸ ಸತ್ತರೆ, ಆ ಟಾಸ್ಕ್ ಹುಟ್ಟಿಸಿದವರು ಯಾರು ಅನ್ನುವುದು ಟ್ರೇಸ್‌ಬ್ಯಾಕ್‌ನಲ್ಲಿ ಇರುವುದಿಲ್ಲ. ಅದು ಪೈಥಾನ್‌ನ ರೀತಿ, ಟೂಲ್‌ನ ತಪ್ಪಲ್ಲ.

ಪ್ರೊಡಕ್ಷನ್‌ನಲ್ಲಿ ಹಾಕುತ್ತೀರಾ ಅಂತ ಕೇಳಿದರೆ, ಇಲ್ಲ. ಲೋಕಲ್ ವೇರಿಯೇಬಲ್ ಅಂದರೆ ಪಾಸ್‌ವರ್ಡ್, ಟೋಕನ್, ಗ್ರಾಹಕರ ಮಾಹಿತಿ ಎಲ್ಲವೂ ಬಂತು, ಅವೆಲ್ಲ ಮಾಡೆಲ್ ಹತ್ತಿರ ಹೋಗುತ್ತವೆ. ಮಾಸ್ಕ್ ಮಾಡುವ ಸೆಟ್ಟಿಂಗ್ ಇದೆ, ಆದರೆ ಅದು ವೇರಿಯೇಬಲ್ ಹೆಸರು ನೋಡಿ ಮಾಸ್ಕ್ ಮಾಡುತ್ತದೆ, 'ಎಕ್ಸ್' ಅಂತ ಹೆಸರಿಟ್ಟ ಟೋಕನ್ ಆರಾಮಾಗಿ ದಾಟಿಹೋಗುತ್ತದೆ. ಹೊರಗಿನವರು ಫಾರ್ಮ್‌ನಲ್ಲಿ ಟೈಪ್ ಮಾಡಿದ ಪಠ್ಯವೂ ವೇರಿಯೇಬಲ್‌ನಲ್ಲೇ ಬರುತ್ತದೆ. ಅದರಲ್ಲಿ ಯಾರಾದರೂ ಏಜೆಂಟ್‌ಗೆ ಆದೇಶ ಬರೆದಿಟ್ಟರೆ? ಡೆವಲಪ್‌ಮೆಂಟ್ ಮೆಷಿನ್, ಟೆಸ್ಟ್ ಡೇಟಾ, ಅಷ್ಟಕ್ಕೆ ಮಾತ್ರ ಇಟ್ಟುಕೊಳ್ಳಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಓಡುತ್ತಿರುವ ಪ್ರಾಸೆಸ್‌ಗೆ ಹೊರಗಿನಿಂದ ಡೀಬಗರ್ ಸೇರಿಸುವ ದಾರಿ 2025ರ ಅಕ್ಟೋಬರ್‌ನಲ್ಲಿ ಬಂದ ಪೈಥಾನ್ 3.14ರಲ್ಲೇ ಇದೆ. ಈ ಟೂಲ್ ಇನ್ನೂ ಅದನ್ನು ಬಳಸುತ್ತಿಲ್ಲ, ಹಾಗಾಗಿ ಪ್ರತಿ ಸಲ ಸರ್ವರನ್ನು ಇದರ ಮೂಲಕವೇ ರೀಸ್ಟಾರ್ಟ್ ಮಾಡಬೇಕು. ಅದೊಂದು ಸೇರಿಸಿದ ದಿನ ಉಳಿದ ಒಂದು ಅಂಕವನ್ನೂ ಕೊಡುತ್ತೇನೆ.