ಮೇಲ್ ಸರ್ವರ್ ಹಾಕಿಸುವವರೇ, ತಪ್ಪು ಪಾಸ್‌ವರ್ಡ್ ಕೊಟ್ಟು ನೋಡದೆ ಹಣ ಕೊಡಬೇಡಿ

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಆದರೆ ಬರೆದದ್ದೆಲ್ಲ ನಡೆದದ್ದೇ. ಕಲಬುರಗಿಯ ನೆಹರೂ ಗಂಜ್ ಹತ್ತಿರದ ಒಂದು ದಾಲ್ ಮಿಲ್ಲಿನ ಕಚೇರಿಯಲ್ಲಿ ನಾನು ಲೆಕ್ಕದ ಜೊತೆಗೆ ಕಂಪ್ಯೂಟರ್‌ಗಳನ್ನೂ ನೋಡಿಕೊಳ್ಳುತ್ತೇನೆ. ಹದಿನಾಲ್ಕು ಮೇಲ್ ಖಾತೆಗಳಿಗೆ ಪ್ರತಿ ವರ್ಷ ಹೊರಗಿನವರಿಗೆ ಹಣ ಕಟ್ಟುವ ಬದಲು ನಮ್ಮದೇ ಸರ್ವರ್ ಇರಲಿ ಎಂದು ಸಾಹುಕಾರರು ಹೇಳಿದಾಗ, ಊರಿನಲ್ಲೇ ಈ ಕೆಲಸ ಮಾಡುವ ಒಬ್ಬರನ್ನು ಕರೆತಂದವನು ನಾನೇ. ಪತ್ರಗಳನ್ನು ಕಳುಹಿಸಿ ತರಿಸಿಕೊಳ್ಳುವ ಪೋಸ್ಟ್‌ಫಿಕ್ಸ್, ಖಾತೆಗಳ ಲಾಗಿನ್ ಮತ್ತು ಪತ್ರ ಓದುವುದನ್ನು ನೋಡಿಕೊಳ್ಳುವ ಡವ್‌ಕಾಟ್, ಹೆಸರು ಮತ್ತು ಪಾಸ್‌ವರ್ಡ್‌ಗಳನ್ನು ಇಡಲು ಮೈಎಸ್‌ಕ್ಯೂಎಲ್, ಎಲ್ಲ ಸೇರಿ 38,000 ರೂಪಾಯಿಗೆ ಮಾತಾಯಿತು.

ಕೆಲಸ ಒಪ್ಪಿಸುವ ದಿನ ಅವರು ನನ್ನ ಮೇಜಿನ ಮುಂದೆಯೇ ಕುಳಿತು ಸರ್ವರ್‌ಗೆ ಲಾಗಿನ್ ಆಗಿ, 'ಡವ್‌ಆಡ್ಮ್ ಆತ್ ಟೆಸ್ಟ್' ಎಂಬ ಆಜ್ಞೆಯನ್ನು ಬರೆದು, ಅದರ ಮುಂದೆ ನಮ್ಮ ಲೆಕ್ಕಪತ್ರ ವಿಭಾಗದ ಖಾತೆಯ ಹೆಸರನ್ನೂ ಸರಿಯಾದ ಪಾಸ್‌ವರ್ಡನ್ನೂ ಕೊಟ್ಟರು. 'ಆತ್ ಸಕ್ಸೀಡೆಡ್', ಅಂದರೆ ಲಾಗಿನ್‌ಗೆ ಒಪ್ಪಿಗೆ, ಎಂದು ಬಂತು. ಹದಿನಾಲ್ಕು ಖಾತೆಗಳಿಗೂ ಹಾಗೆಯೇ ತೋರಿಸಿದರು, ಹದಿನಾಲ್ಕಕ್ಕೂ ಸಕ್ಸೀಡೆಡ್. "ನೋಡ್ರಿ ಸರ್, ಒಂದೂ ಫೇಲ್ ಆಗಿಲ್ಲ" ಎಂದರು. ಒಂದೂ ಫೇಲ್ ಆಗದಿರುವುದೇ ಅನುಮಾನಪಡಬೇಕಾದ ಸಂಗತಿ ಎಂಬುದು ನನಗೆ ಆಗ ಹೊಳೆಯಲಿಲ್ಲ. ಕಾಗದಕ್ಕೆ ಸಹಿ ಹಾಕಿ 32,000 ರೂಪಾಯಿ ಕೊಡಿಸಿದೆ.

ಎರಡು ತಿಂಗಳು ಕಳೆಯುವಷ್ಟರಲ್ಲಿ ಖರೀದಿದಾರರಿಗೆ ಕಳುಹಿಸಿದ ದರಪಟ್ಟಿಗಳು ಹಿಂದಿರುಗಿ ಬರತೊಡಗಿದವು. ನಮ್ಮ ಸರ್ವರ್‌ನ ಐಪಿ ವಿಳಾಸ ಸ್ಪ್ಯಾಮ್ ಕಳುಹಿಸುವವರ ಪಟ್ಟಿಗೆ ಸೇರಿತ್ತು. ಮೇಲ್‌ಕ್ಯೂ ನೋಡಿದರೆ ಯಾರು ಯಾರಿಗೋ ಹೋಗಬೇಕಾದ ಸಾವಿರಾರು ಪತ್ರಗಳು ಸಾಲುಗಟ್ಟಿದ್ದವು. ಸರ್ವರ್ ಹಾಕಿಕೊಟ್ಟವರಿಗೆ ಫೋನ್ ಮಾಡಿದೆ. ಒಂದು ನಿಮಿಷವೂ ಯೋಚಿಸದೆ ಅವರು ಹೇಳಿದ್ದು ಇಷ್ಟು: "ಸರ್ವರ್ ಬರೋಬರಿ ಅದ ಸರ್. ನಿಮ್ಮ ಆಫೀಸಿನ ಹುಡುಗ್ರೇ ಯಾರೋ ಪಾಸ್‌ವರ್ಡ್ ಹೊರಗ ಕೊಟ್ಟಾರ್ರಿ."

ನಾನು ಆ ಮಾತನ್ನು ನಂಬಿದೆ. ಬಿಲ್ಲು ಬರೆಯುವ ಹುಡುಗನೊಬ್ಬ ಆಗಷ್ಟೇ ಹೊಸ ಮೊಬೈಲ್ ತೆಗೆದುಕೊಂಡು ಅದರಲ್ಲಿ ಕಚೇರಿಯ ಮೇಲ್ ಹಾಕಿಕೊಂಡಿದ್ದ. ಅವನನ್ನು ಸಾಹುಕಾರರ ಎದುರಿಗೆ ನಿಲ್ಲಿಸಿ ಕೇಳಿದೆ. "ಅಣ್ಣಾ, ನನ್ನ ಪಾಸ್‌ವರ್ಡ್ ನಮ್ಮ ಮನ್ಯಾಗ ಸೈತ ಯಾರಿಗೂ ಗೊತ್ತಿಲ್ರಿ" ಎಂದು ಅವನು ಹೇಳಿದಾಗ ಅವನ ಧ್ವನಿ ನಡುಗುತ್ತಿತ್ತು. ಅದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಹದಿನಾಲ್ಕು ಪಾಸ್‌ವರ್ಡ್‌ಗಳನ್ನೂ ಬದಲಿಸಿದೆವು. ಸ್ಪ್ಯಾಮ್ ನಿಲ್ಲಲಿಲ್ಲ.

ಆ ರಾತ್ರಿ ಒಬ್ಬನೇ ಕುಳಿತು ಲಾಗ್, ಅಂದರೆ ಸರ್ವರ್‌ನಲ್ಲಿ ನಡೆದದ್ದರ ದಾಖಲೆ, ಓದಿದೆ. ಪತ್ರ ಕಳುಹಿಸಲು ಲಾಗಿನ್ ಆದವರ ಹೆಸರಿನ ಜಾಗದಲ್ಲಿ 'ಟೆಸ್ಟ್' ಎಂದಿತ್ತು, 'ಅಡ್ಮಿನ್' ಎಂದಿತ್ತು. ಆ ಹೆಸರಿನ ಖಾತೆಗಳೇ ನಮ್ಮಲ್ಲಿಲ್ಲ. ಕೈ ತಣ್ಣಗಾಯಿತು. ಅವರು ತೋರಿಸಿಕೊಟ್ಟಿದ್ದ ಅದೇ ಆಜ್ಞೆಯನ್ನು ಬರೆದು ಸಾಹುಕಾರರ ಖಾತೆಯ ಹೆಸರು ಕೊಟ್ಟು, ಪಾಸ್‌ವರ್ಡ್ ಜಾಗದಲ್ಲಿ ಕೈಗೆ ಸಿಕ್ಕ ನಾಲ್ಕು ಅಕ್ಷರ ಒತ್ತಿದೆ. 'ಆತ್ ಸಕ್ಸೀಡೆಡ್.' ಬೇರೆ ನಾಲ್ಕು ಅಕ್ಷರ ಒತ್ತಿದೆ. ಸಕ್ಸೀಡೆಡ್. ಒಂದೇ ಒಂದು ಚುಕ್ಕಿ ಒತ್ತಿದೆ. ಆಗಲೂ ಸಕ್ಸೀಡೆಡ್. ಅಂದು ಹದಿನಾಲ್ಕು ಬಾರಿ ನನಗೆ ತೋರಿಸಿದ್ದ ಪರೀಕ್ಷೆ ಇದೇ!

ಡವ್‌ಕಾಟ್‌ನ ಕಾನ್ಫಿಗ್ ಫೈಲ್ ತೆರೆದಾಗ ಕಾರಣ ಸಿಕ್ಕಿತು. ಪಾಸ್‌ವರ್ಡ್ ತಾಳೆ ನೋಡುವ 'ಪಾಸ್‌ಡಿಬಿ' ಭಾಗಗಳು ಅಲ್ಲಿ ಎರಡಿದ್ದವು. ಮೊದಲನೆಯದು ಮೈಎಸ್‌ಕ್ಯೂಎಲ್‌ನದು, ಅದು ಸರಿಯಾಗಿಯೇ ಇತ್ತು. ಅದರ ಕೆಳಗೆ 'ಸ್ಟ್ಯಾಟಿಕ್' ಎಂಬ ಇನ್ನೊಂದಿದ್ದು, ಅದಕ್ಕೆ 'ನೋಪಾಸ್‌ವರ್ಡ್' ಎಂದು ಬರೆಯಲಾಗಿತ್ತು. ಮೊದಲನೆಯದು ಒಪ್ಪದಿದ್ದರೆ ಡವ್‌ಕಾಟ್ ಎರಡನೆಯದನ್ನು ಕೇಳುತ್ತದೆ, ಆ ಎರಡನೆಯದು ಯಾವ ಹೆಸರು, ಯಾವ ಪಾಸ್‌ವರ್ಡ್ ಬಂದರೂ ಹೌದು ಎನ್ನುತ್ತದೆ. ಪೋಸ್ಟ್‌ಫಿಕ್ಸ್ ಕೂಡ ಡವ್‌ಕಾಟ್‌ನ ಮಾತನ್ನೇ ನಂಬುವುದರಿಂದ ಲೋಕದಲ್ಲಿ ಯಾರು ಬೇಕಾದರೂ ನಮ್ಮ ಸರ್ವರ್‌ನಿಂದ ಪತ್ರ ಕಳುಹಿಸಬಹುದಿತ್ತು. ಅಷ್ಟೇ ಅಲ್ಲ, ಸಾಹುಕಾರರ ಖಾತೆಯ ಹೆಸರು ಗೊತ್ತಿದ್ದವರು ಅವರ ಬ್ಯಾಂಕಿನ ಪತ್ರಗಳನ್ನೂ ಓದಬಹುದಿತ್ತು. ಎರಡು ತಿಂಗಳು ಬಾಗಿಲು ಹಾಗೆ ತೆರೆದಿತ್ತು.

ಬೆಳಿಗ್ಗೆ ಫೋನ್ ಮಾಡಿ ಹೇಳಿದಾಗ ಬಂದ ಉತ್ತರಗಳನ್ನು ಬಂದಂತೆಯೇ ಬರೆಯುತ್ತೇನೆ. ಮೊದಲು, "ಅದು ಟೆಸ್ಟಿಂಗಿಗೆ ಹಾಕಿದ್ದು ಸರ್, ತಗಿಯೂದು ಉಳದದ." ಆಮೇಲೆ, "ತಪ್ಪು ಪಾಸ್‌ವರ್ಡ್ ಯಾಕ್ ಹಾಕಿ ನೋಡಿದ್ರಿ? ಹಂಗ ಯಾರೂ ನೋಡಂಗಿಲ್ರಿ." ತಪ್ಪು ಪಾಸ್‌ವರ್ಡನ್ನು ತಡೆಯುವುದಕ್ಕೇ ಅಲ್ಲವೇ ಪಾಸ್‌ವರ್ಡ್ ಇರುವುದು! ಕೊನೆಗೆ, "ನೀವೇ ಸಹಿ ಮಾಡೀರಿ. ಈಗ ಬಂದು ನೋಡಬೇಕಂದ್ರ ಬ್ಯಾರೆ ಬಿಲ್ ಆಗ್ತದ." ಹುಡುಗನ ಮೇಲೆ ಹೊರಿಸಿದ ಮಾತಿನ ಬಗ್ಗೆ ಕೇಳಿದೆ. ಫೋನ್ ಇಟ್ಟುಬಿಟ್ಟರು.

ಆ ಎರಡನೆಯ ಭಾಗವನ್ನು ನಾನೇ ಅಳಿಸಿ, ಡವ್‌ಕಾಟ್ ಮರುಚಾಲನೆ ಮಾಡಿ, ಕ್ಯೂ ಖಾಲಿ ಮಾಡಿದೆ. ಮತ್ತೆ ತಪ್ಪು ಪಾಸ್‌ವರ್ಡ್ ಕೊಟ್ಟಾಗ 'ಆತ್ ಫೇಲ್ಡ್' ಎಂದು ಬಂತು. ಫೇಲ್ ಎಂಬ ಮಾತು ಓದಿ ಅಷ್ಟು ಸಮಾಧಾನವಾದದ್ದು ಅದೇ ಮೊದಲು.

ನೀವು ಹಾಕಿಸುವುದಾದರೆ ಸಹಿಗೆ ಮೊದಲು ತಪ್ಪು ಪಾಸ್‌ವರ್ಡ್ ಕೊಡಿ, ಇಲ್ಲದ ಖಾತೆಯ ಹೆಸರು ಕೊಡಿ, ಪಾಸ್‌ವರ್ಡ್ ಬದಲಿಸಿ ಹಳೆಯದನ್ನು ಕೊಡಿ. ಪತ್ರ ಕಳುಹಿಸಲು ಲಾಗಿನ್ ಆಗುವ ಪೋರ್ಟ್ 587ರಲ್ಲಿ ಮೂರಕ್ಕೂ 535 ಎಂಬ ನಿರಾಕರಣೆಯ ಸಂಖ್ಯೆಯೇ ಬರಬೇಕು, 235 ಬಂದರೆ ಒಳಗೆ ಬಿಟ್ಟಂತೆ. ಪರೀಕ್ಷೆಯನ್ನು ಕಚೇರಿಯ ವೈಫೈಯಿಂದ ಮಾಡಬೇಡಿ, ಮೊಬೈಲ್ ಡೇಟಾದಿಂದ ಮಾಡಿ, ಏಕೆಂದರೆ ಕಚೇರಿಯ ಐಪಿಯನ್ನು ಪೋಸ್ಟ್‌ಫಿಕ್ಸ್‌ನ 'ಮೈನೆಟ್‌ವರ್ಕ್ಸ್' ಪಟ್ಟಿಗೆ ಸೇರಿಸಿದ್ದರೆ ಅಲ್ಲಿಂದ ಲಾಗಿನ್ ಆಗದೆಯೂ ಪತ್ರ ಹೋಗಿಬಿಡುತ್ತದೆ. ನಮ್ಮಲ್ಲಿ ಅದನ್ನೂ ಸೇರಿಸಿದ್ದರು. ಟಿಎಲ್‌ಎಸ್, ಅಂದರೆ ದಾರಿಯಲ್ಲಿ ಯಾರೂ ಓದದಂತೆ ಸಂಪರ್ಕವನ್ನು ಗೂಢಲಿಪಿಗೆ ಬದಲಿಸುವ ವ್ಯವಸ್ಥೆ, ಶುರುವಾಗುವ ಮೊದಲೇ ಪಾಸ್‌ವರ್ಡ್ ಕೇಳುವ ಸರ್ವರ್ ಬೇಡವೇ ಬೇಡ. ಆಗ ಪಾಸ್‌ವರ್ಡ್ ಹೋಗುವುದು ಬೇಸ್64 ರೂಪದಲ್ಲಿ, ಅದನ್ನು ಯಾರು ಬೇಕಾದರೂ ಬಿಡಿಸಿ ಓದಬಲ್ಲರು. ಇದನ್ನೆಲ್ಲ ನಿಮ್ಮ ಕೈಯಿಂದಲೇ ಮಾಡಿ, ಅವರು ಮಾಡಿ ತೋರಿಸಿದ್ದನ್ನು ನೋಡಿ ಸಹಿ ಹಾಕಬೇಡಿ.

ಹುಡುಗನಲ್ಲಿ ಸಾಹುಕಾರರ ಎದುರಿಗೇ ಕ್ಷಮೆ ಕೇಳಿದ್ದೇನೆ. ಉಳಿದ 6,000 ರೂಪಾಯಿಗಾಗಿ ಆ ವ್ಯಕ್ತಿಯ ಸಂದೇಶಗಳು ಈಗಲೂ ಬರುತ್ತಿವೆ. ಕೊಟ್ಟಿಲ್ಲ, ಕೊಡುವುದೂ ಇಲ್ಲ.